ಸಾಕ್ಷಿಗಾಗಿ ಕಾದವರು

ಕನ್ನಡದಲ್ಲಿ ಸಾಕ್ಷಿ ಎಂದರೆ ಕಣ್ಣಾರೆ ಕಂಡವನೂ ಹೌದು, ನ್ಯಾಯಾಲಯದ ಮುಂದಿಡುವ ಪುರಾವೆಯೂ ಹೌದು. ಅಮೆರಿಕದ ಅರಿಜೋನಾದಲ್ಲಿ ನಡೆದ ಎರಡು ಕಾರ್ಯಾಚರಣೆಗಳ ಬಗ್ಗೆ ಓದುವಾಗಲೆಲ್ಲ ಈ ಒಂದು ಪದ ನನ್ನನ್ನು ಕಾಡುತ್ತದೆ.

ಮೊದಲನೆಯದು 'ವೈಡ್ ರಿಸೀವರ್'. 2006-07ರಲ್ಲಿ, ಜಾರ್ಜ್ ಡಬ್ಲ್ಯು. ಬುಷ್ ಆಡಳಿತದಲ್ಲಿ, ಟೂಸಾನ್ ನಗರದಲ್ಲಿ ನಡೆದದ್ದು. ಎರಡನೆಯದು 'ಫಾಸ್ಟ್ ಅಂಡ್ ಫ್ಯೂರಿಯಸ್'. 2009ರಲ್ಲಿ, ಒಬಾಮ ಕಾಲದಲ್ಲಿ, ಫೀನಿಕ್ಸ್‌ನಲ್ಲಿ ಶುರುವಾದದ್ದು. ಎರಡನ್ನೂ ನಡೆಸಿದ್ದು ಬಂದೂಕು ವ್ಯಾಪಾರದ ಮೇಲೆ ಕಣ್ಣಿಡುವ ಎಟಿಎಫ್ ಸಂಸ್ಥೆಯೇ. ಇನ್ನಾರಿಗೋ ತಲುಪಿಸಲೆಂದು ತಮ್ಮ ಹೆಸರಲ್ಲಿ ಬಂದೂಕು ಕೊಳ್ಳುವ ಸಣ್ಣವರನ್ನು ಕೂಡಲೇ ಹಿಡಿಯಬಾರದು, ಬಂದೂಕಿನ ಜಾಡು ಹಿಡಿದು ಮೆಕ್ಸಿಕೊದ ಮಾದಕವಸ್ತು ದೊರೆಗಳವರೆಗೆ ಹೋಗಬೇಕು ಎಂಬುದು ಲೆಕ್ಕಾಚಾರ. ಮೊದಲನೆಯದರಲ್ಲಿ 400ಕ್ಕೂ ಹೆಚ್ಚು ಬಂದೂಕು ಹೋದವು, ಎರಡನೆಯದರಲ್ಲಿ 2,000ದ ಹತ್ತಿರ.

ಯಾರ ಕಾಲದ್ದು ದೊಡ್ಡ ತಪ್ಪು? ವಾಷಿಂಗ್ಟನ್ನಿನಲ್ಲಿ ಜಗಳ ನಡೆದದ್ದೆಲ್ಲ ಇದರ ಮೇಲೆ. ಎರಡನೆಯದೇ ಹೆಚ್ಚು ಘೋರ ಎಂದು ನಾನೂ ಹೇಳುತ್ತೇನೆ. ಬಂದೂಕುಗಳ ಸಂಖ್ಯೆ ನಾಲ್ಕು ಪಟ್ಟು, ಮೆಕ್ಸಿಕೊ ಸರ್ಕಾರವನ್ನು ಕತ್ತಲಲ್ಲಿಟ್ಟದ್ದು ಒಂದು ಕಡೆ. ಬಂದೂಕುಗಳನ್ನು ಹೀಗೆ ಹೋಗಲು ಬಿಟ್ಟೇ ಇಲ್ಲವೆಂದು ನ್ಯಾಯ ಇಲಾಖೆ 2011ರ ಫೆಬ್ರುವರಿಯಲ್ಲಿ ಸೆನೆಟರ್ ಒಬ್ಬರಿಗೆ ಪತ್ರ ಬರೆದು, ಡಿಸೆಂಬರ್‌ನಲ್ಲಿ ಅದನ್ನು ಹಿಂದಕ್ಕೆ ಪಡೆದದ್ದು ಇನ್ನೊಂದು ಕಡೆ. ಆದರೆ ಪಕ್ಷ ಬದಲಾದರೂ ಅದೇ ಯೋಚನೆ ಹೇಗೆ ಉಳಿದುಕೊಂಡಿತು ಎನ್ನುವುದು ನನಗೆ ಇದಕ್ಕಿಂತ ದೊಡ್ಡ ಪ್ರಶ್ನೆ.

ಗಡಿ ದಾಟಿದ ಬಂದೂಕಿನ ಬೆನ್ನು ಹತ್ತುವವರು ಬಹುಪಾಲು ಯಾರೂ ಇರಲಿಲ್ಲ. ಅದು ಮತ್ತೆ ಎಲ್ಲಾದರೂ ಸಿಕ್ಕಿ, ಅದರ ನಂಬರು ತಾಳೆಯಾದಾಗಲೇ ಪುರಾವೆ. ಇಂಥ ಬಂದೂಕು ಸಿಗುವುದಾದರೂ ಎಲ್ಲಿ? ಬಹಳ ಸಲ ಅಪರಾಧ ನಡೆದ ಜಾಗದಲ್ಲಿ, ಕೆಲವೊಮ್ಮೆ ಹೆಣದ ಪಕ್ಕದಲ್ಲಿ. ಹಾಗಾದರೆ ಪುರಾವೆಗಾಗಿ ಕಾಯುವುದೆಂದರೆ ಯಾರದೋ ಸಾವಿಗಾಗಿ ಕಾಯುವುದು. ಬಂದೂಕು ಕೈಬದಲಾಗುವುದನ್ನು ಕಣ್ಣಾರೆ ಕಂಡವರೇ ಸಾಕ್ಷಿಗಳಾಗಿದ್ದರು. ತಡೆಯೋಣ ಎಂದು ಕೆಲವು ಏಜೆಂಟರು ಮೇಲಿನವರೊಡನೆ ವಾದಿಸಿದ್ದರು. ಅವರ ಮಾತು ನಡೆಯಲಿಲ್ಲ. ಕಂಡವನು ಸುಮ್ಮನಾದ ಮೇಲೆ ಸತ್ತವನೇ ಸಾಕ್ಷಿ ಹೇಳಬೇಕಾಯಿತು.

2010ರ ಡಿಸೆಂಬರ್ 14ರ ರಾತ್ರಿ ಅಮೆರಿಕದ ಗಡಿ ಕಾವಲಿನ ಬ್ರಯಾನ್ ಟೆರಿ ಗುಂಡೇಟು ತಿಂದರು, ಬದುಕುಳಿಯಲಿಲ್ಲ. ಆ ಜಾಗದಲ್ಲಿ ಸಿಕ್ಕ ಎರಡು ರೈಫಲ್‌ಗಳು 'ಫಾಸ್ಟ್ ಅಂಡ್ ಫ್ಯೂರಿಯಸ್'ನಲ್ಲಿ ಎಟಿಎಫ್ ಕಣ್ಗಾವಲಿನಲ್ಲಿದ್ದವನೊಬ್ಬ ಕೊಂಡಂಥವು. ಮೆಕ್ಸಿಕೊದಲ್ಲಿ ಸತ್ತವರ ಹೆಸರುಗಳು ಇಷ್ಟು ಸುಲಭವಾಗಿ ನಮ್ಮ ಕಿವಿಗೆ ಬೀಳುವುದಿಲ್ಲ. ಅವರೂ ಒಂದೊಂದು ಮನೆಯವರು.

2016ರ ಜನವರಿಯಲ್ಲಿ ಮಾದಕವಸ್ತು ದೊರೆ 'ಎಲ್ ಚಾಪೋ' ಗುಸ್ಮಾನನ ಅಡಗುತಾಣಕ್ಕೆ ನುಗ್ಗಿದವರು ಮೆಕ್ಸಿಕೊದ ನೌಕಾ ಯೋಧರು. ಅಲ್ಲಿ ಸಿಕ್ಕ ಆಯುಧಗಳಲ್ಲಿ .50 ಕ್ಯಾಲಿಬರ್‌ನ ಭಾರೀ ರೈಫಲ್ ಒಂದಿತ್ತು. ಅದು 'ಫಾಸ್ಟ್ ಅಂಡ್ ಫ್ಯೂರಿಯಸ್'ನಲ್ಲಿ ಹೋಗಲು ಬಿಟ್ಟದ್ದು.