ಯಾರಿಂದ ಕಿವಿ ಹಿಂಡಿಸಿಕೊಳ್ಳಬೇಕು?

ಅಕ್ಕನ ಮಗಳು ನ್ಯೂಜೆರ್ಸಿಯಲ್ಲಿ ಹುಟ್ಟಿ ಬೆಳೆದವಳು. ಹೈಸ್ಕೂಲಿನ ಬ್ಯಾಂಡಿನಲ್ಲಿ ಡಬಲ್ ಬೇಸ್ ನುಡಿಸುತ್ತಿದ್ದಳು. ಕಳೆದ ವರ್ಷ ಏಪ್ರಿಲ್ ಕೊನೆಯ ವಾರ ಫೋನ್ ಮಾಡಿದಳು. ಜಾಝ್ ಓದಲು ಎರಡು ಕಡೆ ಸೀಟು ಸಿಕ್ಕಿತ್ತು. ಒಂದು, ದೊಡ್ಡ ನಗರದ ಹೆಸರಾಂತ ಸಂಗೀತ ಶಾಲೆ; ಅಲ್ಲಿ ವಿದ್ಯಾರ್ಥಿವೇತನ ಹೆಸರಿಗೆ ಮಾತ್ರ. ಇನ್ನೊಂದು, ಸಣ್ಣ ಊರಿನ ಸರ್ಕಾರಿ ವಿಶ್ವವಿದ್ಯಾಲಯ. ಅಲ್ಲಿ ಶುಲ್ಕ ಬಹುತೇಕ ಮನ್ನಾ. ಮೇ 1ರೊಳಗೆ ಉತ್ತರ ಕೊಡಬೇಕು. "ಮಾಮ, ಯಾವುದು ಒಳ್ಳೇದು ಅಂತ ಎಲ್ಲರೂ ಹೇಳ್ತಾರೆ. ಯಾವುದು ಸರಿ ಅಂತ ಯಾರೂ ಹೇಳ್ತಿಲ್ಲ" ಅಂದಳು.

ಆ ಕ್ಷಣಕ್ಕೆ ನನ್ನಲ್ಲೂ ಉತ್ತರವಿರಲಿಲ್ಲ. ಆದರೆ ಅವಳು ಮಾಡಿದ ವ್ಯತ್ಯಾಸ ಮನಸ್ಸಿನಲ್ಲಿ ಉಳಿಯಿತು. ಒಳ್ಳೆಯ ಶಾಲೆಯನ್ನು ಪಟ್ಟಿ ನೋಡಿ ಹೇಳಬಹುದು. ಸರಿಯಾದ ಶಾಲೆ ಯಾವುದು ಎಂಬುದು, ನಾನು ಏನಾಗಬೇಕು, ಯಾರ ಋಣದಲ್ಲಿ ಆಗಬೇಕು ಎಂಬ ಪ್ರಶ್ನೆ.

ಜಾಝ್‌ಗೆ ಈ ಪ್ರಶ್ನೆ ಬೇರೆ ವಿದ್ಯೆಗಳಿಗಿಂತ ಹೆಚ್ಚು ಚುಚ್ಚುತ್ತದೆ. ಏಕೆಂದರೆ ಅದು ಶಾಲೆಯಲ್ಲಿ ಹುಟ್ಟಿದ ಸಂಗೀತವಲ್ಲ. 1944ರಲ್ಲಿ ಹದಿನೆಂಟು ವರ್ಷದ ಮೈಲ್ಸ್ ಡೇವಿಸ್ ಜೂಲಿಯಾರ್ಡ್ ಸಂಗೀತ ಶಾಲೆಗೆಂದು ನ್ಯೂಯಾರ್ಕಿಗೆ ಬಂದ. ಖರ್ಚು ದಂತವೈದ್ಯನಾಗಿದ್ದ ಅಪ್ಪನದು. ಅವನು ನಿಜವಾಗಿ ಹುಡುಕಿದ್ದು ಚಾರ್ಲಿ ಪಾರ್ಕರ್‌ನನ್ನು. ಕಲಿತದ್ದು ಹಾರ್ಲೆಮ್ಮಿನ ಮಿಂಟನ್ಸ್‌ನಲ್ಲಿ, 52ನೇ ಬೀದಿಯ ಕ್ಲಬ್ಬುಗಳಲ್ಲಿ. ಕೆಲಕಾಲದಲ್ಲೇ ಶಾಲೆ ಬಿಟ್ಟ. ಈ ಕಥೆ ಹೇಳಿ "ಕಾಲೇಜೇ ಬೇಡ" ಎನ್ನುವವರಿದ್ದಾರೆ. ಅವರು ಒಂದನ್ನು ಮರೆಯುತ್ತಾರೆ: ಆ ಬೀದಿ ಈಗಿಲ್ಲ. ಒಂದೇ ಹುಚ್ಚು ಹಿಡಿದ ಇಪ್ಪತ್ತು ಹುಡುಗ ಹುಡುಗಿಯರು ರಾತ್ರಿ ಎರಡು ಗಂಟೆಯವರೆಗೆ ಜೊತೆಗೆ ನುಡಿಸಲು ಸಿಗುವ ಜಾಗ ಇಂದು ಹೆಚ್ಚಾಗಿ ಕಾಲೇಜಿನ ಅಭ್ಯಾಸದ ಕೋಣೆಯೇ. ಬೀದಿ ಮಾಡುತ್ತಿದ್ದ ಕೆಲಸವನ್ನು ಶಾಲೆ ವಹಿಸಿಕೊಂಡಿದೆ, ಶುಲ್ಕ ಹಚ್ಚಿ.

ಆ ಶಾಲೆಯ ಇತಿಹಾಸವೂ ಅಷ್ಟು ಶುದ್ಧವಲ್ಲ. ಅಮೆರಿಕದಲ್ಲಿ ಮೊದಲ ಜಾಝ್ ಪದವಿ ಆರಂಭವಾದದ್ದು 1947ರಲ್ಲಿ, ಟೆಕ್ಸಾಸಿನ ಡೆಂಟನ್ ಊರಿನ ಕಾಲೇಜಿನಲ್ಲಿ. ಇಂದಿನ ನಾರ್ತ್ ಟೆಕ್ಸಾಸ್ ವಿಶ್ವವಿದ್ಯಾಲಯ ಅದೇ. ಜಾಝ್ ಎಂಬ ಶಬ್ದಕ್ಕೆ ಮರ್ಯಾದೆ ಇರಲಿಲ್ಲವೆಂದು ಕೋರ್ಸಿಗೆ 'ಡ್ಯಾನ್ಸ್ ಬ್ಯಾಂಡ್' ಎಂದು ಹೆಸರಿಟ್ಟರು. ಆಗ ಆ ಕಾಲೇಜಿಗೆ ಕಪ್ಪು ಜನರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಪದವಿ ತರಗತಿಯ ಬಾಗಿಲು ಅವರಿಗೆ ತೆರೆದದ್ದು 1956ರಲ್ಲಿ, ನ್ಯಾಯಾಲಯದ ಮೂಲಕ. ಡೆಂಟನ್ನಿನಿಂದ ಸುಮಾರು ಅರವತ್ತು ಕಿಲೋಮೀಟರ್ ದೂರದ ಫೋರ್ಟ್ ವರ್ತ್‌ನಲ್ಲಿ 1947ರಲ್ಲಿ ಹದಿನೇಳರ ಹುಡುಗನೊಬ್ಬ ಸ್ಯಾಕ್ಸೊಫೋನ್ ನುಡಿಸುತ್ತಿದ್ದ: ಆರ್ನೆಟ್ ಕೋಲ್ಮನ್. ಮುಂದೆ ಜಾಝ್‌ನ ದಿಕ್ಕನ್ನೇ ಬದಲಿಸಿದ ಅವನಿಗೆ, ಮನೆಯ ಹತ್ತಿರವೇ ಇದ್ದ ದೇಶದ ಮೊದಲ ಜಾಝ್ ಶಾಲೆಯ ಬಾಗಿಲು ಮುಚ್ಚಿತ್ತು. 1959ರಲ್ಲಿ ಮ್ಯಾಸಚೂಸೆಟ್ಸಿನ ಲೆನಾಕ್ಸ್‌ನ ಬೇಸಿಗೆ ಜಾಝ್ ಶಾಲೆಗೆ ಅವನು ವಿದ್ಯಾರ್ಥಿಯಾಗಿ ಹೋದಾಗ, ಆಗಲೇ ತನ್ನ ಹೆಸರಿನಲ್ಲಿ ರೆಕಾರ್ಡು ಹೊರತಂದಿದ್ದ.

ಇದನ್ನು ಅವಳಿಗೆ ಹೇಳಿದ್ದು ಅಪರಾಧಭಾವ ಹುಟ್ಟಿಸಲು ಅಲ್ಲ. ಸಂಗೀತವನ್ನು ಕಟ್ಟಿದ ಜನರನ್ನು ಹೊರಗಿಟ್ಟು ಸಂಗೀತವನ್ನು ಮಾತ್ರ ಒಳಗೆ ಕರೆದುಕೊಂಡ ಸಂಸ್ಥೆಗಳ ಮೂಲಕವೇ ಈ ವಿದ್ಯೆ ನಮ್ಮಂಥವರ ಮಕ್ಕಳ ಕೈಗೂ ಬಂದಿದೆ. ಆದ್ದರಿಂದ ಶಾಲೆಯನ್ನು ನೋಡುವಾಗ ಕೇಳಬೇಕಾದದ್ದು ಕಟ್ಟಡ ಎಷ್ಟು ಹೊಸದು ಎಂದಲ್ಲ. ಇಲ್ಲಿ ಯಾರು ಕಲಿಸುತ್ತಾರೆ? ಈ ಊರಿನಲ್ಲಿ ಜಾಝ್ ನುಡಿಸುವ ಹಿರಿಯರಿದ್ದಾರೆಯೇ, ಶಾಲೆಗೂ ಅವರಿಗೂ ಮಾತುಕತೆ ಇದೆಯೇ? ಋಣವನ್ನು ತೀರಿಸಲು ಆಗದಿದ್ದರೂ ಯಾರಿಗೆ ಋಣಿ ಎಂಬುದನ್ನು ತಿಳಿದು ನುಡಿಸಬಹುದು.

ಇನ್ನು ಆಯ್ಕೆಯ ಗಂಟು. ಎಲ್.ಎ. ಪಾಲ್ ಎಂಬ ತತ್ತ್ವಜ್ಞಾನಿ 2014ರ ತಮ್ಮ ಪುಸ್ತಕದಲ್ಲಿ ಒಂದು ಇಕ್ಕಟ್ಟನ್ನು ಎತ್ತಿ ತೋರಿಸಿದ್ದಾರೆ. ಕೆಲವು ಅನುಭವಗಳು ನಮ್ಮನ್ನೇ ಬದಲಿಸುತ್ತವೆ. ಅನುಭವಿಸುವ ಮುನ್ನ ಅದು ಹೇಗಿರುತ್ತದೆಂದು ತಿಳಿಯದು. ಅನುಭವಿಸಿದ ಮೇಲೆ ನಮ್ಮ ಇಷ್ಟಾನಿಷ್ಟಗಳೇ ಬೇರೆಯಾಗಿರುತ್ತವೆ. ಹಾಗಾದರೆ ಯಾರ ಇಷ್ಟವನ್ನು ಲೆಕ್ಕ ಹಾಕಿ ಆರಿಸುವುದು? ಸಂಗೀತ ಶಾಲೆಗೆ ಇದು ಅಕ್ಷರಶಃ ನಿಜ. ಇಂದು ಅವಳಿಗೆ ಚೆನ್ನಾಗಿ ಕೇಳುವ ನುಡಿಸಾಣಿಕೆ ನಾಲ್ಕು ವರ್ಷಗಳ ನಂತರ ಸಪ್ಪೆ ಅನ್ನಿಸಬಹುದು. ಅನ್ನಿಸದಿದ್ದರೆ ಶಾಲೆ ತನ್ನ ಕೆಲಸ ಮಾಡಿಲ್ಲ ಎಂದೇ ಅರ್ಥ. ಶಾಲೆ ಬದಲಿಸುವುದು ಕಿವಿಯನ್ನು. ಬದಲಾಗಲಿರುವ ಕಿವಿಯಿಂದಲೇ ಶಾಲೆಯನ್ನು ಅಳೆಯಬೇಕಾಗಿದೆ.

ಇದಕ್ಕೆ ನನಗೆ ಹೊಳೆದ ದಾರಿ ಒಂದೇ. "ನನಗೆ ಎಲ್ಲಿ ಖುಷಿಯಾಗುತ್ತದೆ" ಎಂದು ಕೇಳುವ ಬದಲು, "ಯಾರು ತಿದ್ದಿದರೆ ತಿದ್ದಿಸಿಕೊಳ್ಳಲು ನಾನು ಸಿದ್ಧ" ಎಂದು ಕೇಳಿಕೊಳ್ಳುವುದು. ಇದಕ್ಕೆ ಭವಿಷ್ಯ ತಿಳಿದಿರಬೇಕಿಲ್ಲ. ಆ ಗುರುವಿನ ಮುಂದೆ ಒಂದು ಗಂಟೆ ನಿಂತರೆ ಸಾಕು. ಅವಳು ಎರಡೂ ಕಡೆ ಒಂದೊಂದು ಪಾಠ ಕೇಳಿ ಬಂದಿದ್ದಳು. ಸರ್ಕಾರಿ ವಿಶ್ವವಿದ್ಯಾಲಯದ ಮೇಷ್ಟ್ರು ಸಜ್ಜನರು, ಹೊಗಳಿ ಕಳಿಸಿದರು. ಹೆಸರಾಂತ ಶಾಲೆಯ ಮೇಷ್ಟ್ರು ಬ್ಲೂಸ್‌ನ ಎರಡನೇ ಸುತ್ತಿನಲ್ಲೇ ತಡೆದು, "ನೀನು ನುಡಿಸಿದ್ದನ್ನು ಹಾಡು ನೋಡೋಣ" ಅಂದರಂತೆ. ಹಾಡಲಾಗಲಿಲ್ಲ. ಉಳಿದ ಹೊತ್ತೆಲ್ಲ ಹಾಡಿಸುವುದರಲ್ಲೇ ಕಳೆಯಿತು. "ಬೆರಳು ನುಡಿಸ್ತಿತ್ತು, ನಾನು ನುಡಿಸ್ತಿರಲಿಲ್ಲ ಅಂತ ಆಗ ಗೊತ್ತಾಯ್ತು ಮಾಮ."

ಹಾಗಾದರೆ ಉತ್ತರ ಸಿಕ್ಕಿತಲ್ಲ? ಇಲ್ಲ. ಸಾಲ ಉಳಿದಿತ್ತು.

ಅಕ್ಕ ಹೇಳಿದಳು, "ಸಾಲ ನಮ್ಮದು, ಓದು ಅವಳದು." ಹೇಳಿದಾಗ ಅದು ಪ್ರೀತಿಯ ಮಾತು. ಆದರೆ ಅಂಥ ಕೊಡುಗೆ ಮುಂದೆ ಸಾಕ್ಷಿ ಕೇಳುತ್ತದೆ. ಯಾರೂ ಬಾಯಿಬಿಟ್ಟು ಕೇಳದಿದ್ದರೂ ಪ್ರತಿ ಕಛೇರಿಯ ಮುಂದಿನ ಸಾಲಿನಲ್ಲಿ ಬಂದು ಕೂರುತ್ತದೆ. ಇನ್ನೂ ಒಂದು ಮಾತಿದೆ. ಜಾಝ್ ಕಲಾವಿದೆಗೆ ಓದು ಮುಗಿದ ಮೇಲಿನ ನಾಲ್ಕೈದು ವರ್ಷ ಬಹಳ ಮುಖ್ಯ. ಕಡಿಮೆ ಸಂಭಾವನೆಗೆ, ಕೆಲವೊಮ್ಮೆ ಊಟಕ್ಕೆ, ಸಿಕ್ಕವರೊಂದಿಗೆಲ್ಲ ನುಡಿಸುತ್ತಾ ತನ್ನ ದನಿ ಕಂಡುಕೊಳ್ಳುವ ಕಾಲ ಅದು. ಸಾಲದ ಕಂತು ಕಸಿದುಕೊಳ್ಳುವುದು ಸರಿಯಾಗಿ ಆ ವರ್ಷಗಳನ್ನೇ. ಸಂಗೀತಗಾರಳಾಗಲೆಂದು ಮಾಡಿದ ಸಾಲ ಸಂಗೀತಕ್ಕೇ ಅಡ್ಡ ಬರಬಹುದು.

ಬೇಸ್ ವಾದಕರಿಗೆ ಒಂದು ಅನುಕೂಲವೂ ಇದೆ. ಬಿಗ್ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನಿಗೆ ಐದು ಜನ ಬೇಕು, ಬೇಸ್‌ಗೆ ಒಬ್ಬರೇ. ಸಣ್ಣ ಶಾಲೆಯಲ್ಲಿ ಇಬ್ಬರೇ ಬೇಸ್ ವಾದಕರಿದ್ದರೆ ಎಲ್ಲ ತಂಡಗಳೂ ಅವರನ್ನೇ ಕರೆಯುತ್ತವೆ. ಕೊಳಲು ಬಾರಿಸುವವನು ಕೊಳಲು ಬಾರಿಸಿಯೇ ಆಗುತ್ತಾನೆ ಎಂಬ ಅರ್ಥದ ಮಾತನ್ನು ಅರಿಸ್ಟಾಟಲ್ ತಂತಿವಾದ್ಯದ ಉದಾಹರಣೆ ಕೊಟ್ಟು ಹೇಳಿದ್ದ. ಆ ಲೆಕ್ಕದಲ್ಲಿ ಸಣ್ಣ ಶಾಲೆ ಸಣ್ಣದಲ್ಲ.

ಆಗ ನೆನಪಾದದ್ದು ರುದ್ರೇಶ್ ಮಹಾಂತಪ್ಪ. ಹೆಸರಿನಲ್ಲೇ ಕನ್ನಡದ ಗುರುತಿರುವ ಈ ಜಾಝ್ ಸ್ಯಾಕ್ಸೊಫೋನ್ ವಾದಕ ಮೊದಲು ಓದಿದ್ದು ಅದೇ ನಾರ್ತ್ ಟೆಕ್ಸಾಸ್‌ನಲ್ಲಿ. ಅಲ್ಲಿಂದ ಬಾಸ್ಟನ್ನಿನ ಬರ್ಕ್ಲಿಗೆ ಹೋದರು. ಅವರನ್ನು ಬೇರೊಂದು ದಾರಿಗೆ ತಿರುಗಿಸಿದ್ದು ಯಾವ ಪಠ್ಯಕ್ರಮವೂ ಅಲ್ಲ. ಅಣ್ಣ ತಮಾಷೆಗೆಂದು ಕೊಟ್ಟ ಒಂದು ಆಲ್ಬಮ್. ನುಡಿಸಿದ್ದವರು ದಕ್ಷಿಣ ಕನ್ನಡದ ಕದ್ರಿ ಗೋಪಾಲನಾಥ್. ಮುಂದೆ ಇಬ್ಬರೂ ಸೇರಿ ನುಡಿಸಿದ 'ಕಿನ್ಸ್‌ಮೆನ್' 2008ರಲ್ಲಿ ಹೊರಬಂತು. ಬದುಕು ಬದಲಿಸುವುದು ಶಾಲೆಯ ಬಾಗಿಲಿನಿಂದಲೇ ಬರಬೇಕೆಂದಿಲ್ಲ. ಮೊದಲ ಆಯ್ಕೆಯೇ ಕೊನೆಯದೂ ಅಲ್ಲ.

ಜಾಝ್ ನುಡಿಸುವವರಲ್ಲಿ ಒಂದು ತಿಳಿವಳಿಕೆ ಇದೆ: ತಪ್ಪು ಸ್ವರ ತಪ್ಪೋ ಅಲ್ಲವೋ ಎಂದು ತೀರ್ಮಾನಿಸುವುದು ಮುಂದಿನ ಸ್ವರ. ಅದನ್ನೇ ಅವಳಿಗೆ ಹೇಳಹೊರಟು ತಡೆದುಕೊಂಡೆ. ಸ್ವರಕ್ಕೆ ಸಲ್ಲುವ ಮಾತು ಸಾಲಕ್ಕೆ ಸಲ್ಲುವುದಿಲ್ಲ. ಕೆಲವು ಆಯ್ಕೆಗಳನ್ನು ಮುಂದಿನ ಸ್ವರ ಸರಿಪಡಿಸುತ್ತದೆ. ಕೆಲವು ಮುಂದಿನ ಸ್ವರ ನುಡಿಸುವ ಬಿಡುವನ್ನೇ ಕೊಡುವುದಿಲ್ಲ. ಯಾವುದು ಯಾವ ಜಾತಿಯದು ಎಂದು ಗುರುತಿಸುವುದೇ ವಿವೇಕ. ಇಷ್ಟನ್ನು ಹೇಳಿ, "ತೀರ್ಮಾನ ನಿನ್ನದು" ಅಂದೆ.

ಅವಳು ಸರ್ಕಾರಿ ವಿಶ್ವವಿದ್ಯಾಲಯ ಸೇರಿದಳು. ಹೆಸರಾಂತ ಶಾಲೆಗೆ "ಬರುವುದಿಲ್ಲ" ಎಂದು ಬರೆದ ರಾತ್ರಿ ಅತ್ತಳಂತೆ. ಆ ಅಳು ಆಯ್ಕೆ ತಪ್ಪೆಂಬುದಕ್ಕೆ ಸಾಕ್ಷಿಯಲ್ಲ ಎಂದು ನನ್ನ ನಂಬಿಕೆ. ಎರಡೂ ಕಡೆ ನಿಜವಾದ ಒಳಿತಿದ್ದಾಗ ಸರಿಯಾಗಿ ಆರಿಸಿದರೂ ಏನನ್ನೋ ಕಳೆದುಕೊಳ್ಳುತ್ತೇವೆ. ಕಳೆದುಕೊಂಡದ್ದನ್ನು ಹುಳಿ ದ್ರಾಕ್ಷಿ ಎನ್ನದೆ ಇರುವುದೇ ಪ್ರಾಮಾಣಿಕತೆ.

ಮೊನ್ನೆ ವಿಡಿಯೋ ಕರೆಯಲ್ಲಿ ಬೇಸ್ ನುಡಿಸಿ ತೋರಿಸಿದಳು. ತುಟಿ ಅಲುಗುತ್ತಿತ್ತು. ಒಂದೊಂದು ಸ್ವರವನ್ನೂ ಮೊದಲು ಹಾಡಿಕೊಂಡೇ ನುಡಿಸುತ್ತಿದ್ದಳು. ಯಾರ ಶಾಲೆಗೆ ಹೋಗಲಿಲ್ಲವೋ ಆ ಮೇಷ್ಟ್ರ ಪಾಠ ಅದು.