ಕೊನೇ ಭಾಗದ ನೀರು

ಮಲೆಬೆನ್ನೂರು ಸೀಮೆಯಲ್ಲಿ ಮಳೆಗಾಲ ಹಿಡಿಯಿತೆಂದರೆ ಹೋಟೆಲಿನಲ್ಲಿ ಪೇಪರ್ ಕೈಗೆತ್ತಿಕೊಂಡವರು ಮೊದಲು ನೋಡುವುದು ಭದ್ರಾ ಡ್ಯಾಮಿನ ಮಟ್ಟವನ್ನು. ಲಕ್ಕವಳ್ಳಿಯಲ್ಲಿ 186 ಅಡಿ ತುಂಬಿತು ಎಂದರೆ ಇಲ್ಲಿ ಭತ್ತದ ಗದ್ದೆಯವರ ಮುಖದಲ್ಲಿ ಕಳೆ ಬರುತ್ತದೆ. ಆದರೂ ಬೇಸಿಗೆ ಬೆಳೆಯ ಹೊತ್ತಿಗೆ ಅದೇ ತುಂಬಿದ ಡ್ಯಾಮಿನ ಕೆಳಗೆ, ಶಾಖಾ ನಾಲೆಯ ಕೊನೇ ಭಾಗದಲ್ಲಿ, ನಾಟಿ ಮಾಡಿದ ಪೈರು ಕೆಂಪಾಗಿ ರೈತರು ರಸ್ತೆಗೆ ಕೂತದ್ದನ್ನು ನಾವು ಎಷ್ಟೋ ವರ್ಷ ಕಂಡಿದ್ದೇವೆ. ಡ್ಯಾಮಿನಲ್ಲಿ ನೀರಿದೆ, ನಾಲೆಯಲ್ಲೂ ಬಿಟ್ಟಿದ್ದಾರೆ. ಮೇಲಿನವರು ಪಂಪ್‌ಸೆಟ್ ಇಟ್ಟು ಎತ್ತಿಕೊಂಡಿದ್ದಾರೆ, ತೂಬುಗಳಲ್ಲಿ ಕಸ ಕಟ್ಟಿದೆ, ಹೂಳು ತೆಗೆಸಿಲ್ಲ. ನೀರು ಕೊನೆಗೆ ಮುಟ್ಟಿಲ್ಲ, ಅಷ್ಟೇ.

ನಮ್ಮಪ್ಪನ ಗದ್ದೆ ಕೊನೇ ಭಾಗದ್ದು. ಒಂದು ರಾತ್ರಿ, ತೂಬುಗಳಿಗೆ ನೀರು ಬಿಡುವ ಸೌಡಿಯ ಜೊತೆ ನಾಲೆ ಏರಿಯ ಮೇಲೆ ನಡೆದುಹೋದ ನೆನಪು ಇನ್ನೂ ಹಸಿಯಾಗಿದೆ. ಆತ ಬ್ಯಾಟರಿಯನ್ನು ನನ್ನ ಕೈಗೆ ಕೊಟ್ಟು, ಏರಿಯ ಮೇಲೆ ಬೋರಲು ಮಲಗಿ, ಭುಜದವರೆಗೂ ತೋಳನ್ನು ತೂಬಿನೊಳಗೆ ಇಳಿಸಿದ. ಹೊರಗೆ ಬಂದದ್ದು ಪಾಚಿ, ಹುಲ್ಲು, ಗೊಬ್ಬರದ ಹರಕು ಚೀಲ. ಒಂದು ಗಳಿಗೆ ಏನೂ ಆಗಲಿಲ್ಲ. ಆಮೇಲೆ ಒಳಗಿನಿಂದ ಗುಳುಗುಳು ಸದ್ದು ಬಂತು, ಹೊಲಗಾಲುವೆಯ ಒಣಮಣ್ಣು ಕಪ್ಪಾಗುತ್ತಾ ಹೋಯಿತು. ಸೌಡಿ ಎದ್ದು ಅಂಗಿ ಹಿಂಡಿಕೊಂಡು ಮುಂದಿನ ತೂಬಿಗೆ ಹೊರಟ. ಆ ನೀರು ಅವನದಾಗಿರಲಿಲ್ಲ. ಅದು ಹೋಗಬೇಕಾದಲ್ಲಿಗೆ ಹೋಗುವಂತೆ ನೋಡಿಕೊಳ್ಳುವುದಷ್ಟೇ ಅವನ ಕೆಲಸ.

ನಮ್ಮದು ಕ್ರೈಸ್ತ ಮನೆ. ಭಾನುವಾರ ಹರಿಹರಕ್ಕೆ ಬಸ್ ಹತ್ತಿ ಬಲಿಪೂಜೆಗೆ ಹೋಗುವುದು ನನ್ನ ಬಾಲ್ಯದ ರೂಢಿ. ಹೀಗಾಗಿ ನಮ್ಮ ಸಭೆಗಳು ಹೊಸ ಜೀವ ಪಡೆಯುವುದು ಹೇಗೆ, ಅದಕ್ಕೆ ಬೇಕಾದ ಆಧ್ಯಾತ್ಮಿಕ ನಾಯಕತ್ವ ಎಂಥದು ಎಂಬ ಮಾತು ಬಂದಾಗಲೆಲ್ಲ ನನಗೆ ಆ ರಾತ್ರಿಯ ತೂಬು ಕಣ್ಣಿಗೆ ಕಟ್ಟುತ್ತದೆ. ಈ ಪ್ರಶ್ನೆಯನ್ನು ನಾವು ತಪ್ಪು ತುದಿಯಿಂದ ಕೇಳುತ್ತಿದ್ದೇವೆ ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಡ್ಯಾಮಿನ ಮಟ್ಟ ನೋಡಿ ಬೆಳೆಯ ಲೆಕ್ಕ ಹಾಕುತ್ತಿದ್ದೇವೆ.

ಹರಿಹರದ ಆರೋಗ್ಯ ಮಾತೆಯ ಹಬ್ಬಕ್ಕೆ ಬಂದು ನೋಡಿ. ಸೆಪ್ಟೆಂಬರ್ 8ರಂದು ಆ ಅಂಗಳದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಕ್ರೈಸ್ತರಷ್ಟೇ ಅಲ್ಲ, ಸುತ್ತಲಿನ ಊರುಗಳಿಂದ ಎಲ್ಲ ಜಾತಿ, ಎಲ್ಲ ಧರ್ಮದವರೂ ಮೇಣದಬತ್ತಿ ಹಿಡಿದು ಬರುತ್ತಾರೆ. ಹರಿಗೂ ಹರನಿಗೂ ಒಂದೇ ಮೈ ಕೊಟ್ಟು, 1224ರ ಸುಮಾರಿಗೆ ಹೊಯ್ಸಳರ ದಂಡನಾಯಕ ಪೋಲಾಳ್ವ ಗುಡಿ ಕಟ್ಟಿಸಿದ ಊರಲ್ಲವೇ ಇದು? ಆ ಗುಣ ಇಲ್ಲಿನ ನೀರಿನಲ್ಲೇ ಇದೆ. ಶಿವಮೊಗ್ಗ ಧರ್ಮಪ್ರಾಂತ್ಯ 1988ರಲ್ಲಿ ಆದಂದಿನಿಂದ ಈ ಕ್ಷೇತ್ರ ಬೆಳೆಯುತ್ತಲೇ ಬಂದಿದೆ, ಬಸಿಲಿಕಾ ಎಂಬ ಮನ್ನಣೆಯೂ ಸಿಕ್ಕಿದೆ. ನನಗೆ ಅದರ ಬಗ್ಗೆ ಹೆಮ್ಮೆಯಿದೆ. ಆದರೆ ಹಬ್ಬದ ಜನಜಂಗುಳಿ ಡ್ಯಾಮಿನ ಮಟ್ಟ. ಕೊನೇ ಭಾಗದ ಸ್ಥಿತಿ ತಿಳಿಯುವುದು ಹಬ್ಬ ಕಳೆದು ನಾಲ್ಕು ವಾರದ ಮೇಲೆ, ಒಂದು ಸಾಧಾರಣ ಭಾನುವಾರ. ಕೊನೆಯ ಬೆಂಚಿನಲ್ಲಿ ಯಾರು ಕೂತಿದ್ದಾರೆ? ಯಾರು ಕೂರುವುದನ್ನು ಬಿಟ್ಟಿದ್ದಾರೆ? ಬಿಟ್ಟದ್ದು ಯಾರಿಗಾದರೂ ಗೊತ್ತಾಗಿದೆಯೇ?

ನಾವು ಬೇರೊಂದು ಊರಿನಲ್ಲಿದ್ದಾಗ ಅವ್ವನಿಗೆ ಮಂಡಿನೋವು ಬಂದು ಚರ್ಚಿಗೆ ಹೋಗುವುದು ನಿಂತಿತು. ಎಂಟು ತಿಂಗಳು ಒಬ್ಬರೂ ಕೇಳಲಿಲ್ಲ. ಆ ಎಂಟು ತಿಂಗಳಲ್ಲಿ ಆ ಚರ್ಚಿಗೆ ಹೊಸ ಧ್ವನಿವರ್ಧಕ ಬಂತು, ಗೋಪುರಕ್ಕೆ ಬಣ್ಣವಾಯಿತು, ಯುವಕರಿಗೆ ಶಿಬಿರವಾಯಿತು. ಎಲ್ಲವೂ ನವೀಕರಣವೇ. ಕೊನೆಗೊಂದು ಸಂಜೆ ಒಬ್ಬ ಮುದುಕ ಉಪದೇಶಿ ಬಾಗಿಲಲ್ಲಿ ನಿಂತು, “ಹೆಂಗಿದೀಯವ್ವಾ, ನೀನಿಲ್ದೆ ನಮ್ಮ ಜಪಸರ ಗಟ್ಟಿ ಕೇಳ್ತಾನೇ ಇಲ್ಲ” ಅಂದರು. ಅವ್ವ ಅತ್ತಳು. ಮುಂದಿನ ಭಾನುವಾರ ಆಟೋ ಮಾಡಿಕೊಂಡು ಹೋದಳು. ಆ ಉಪದೇಶಿ ಪ್ರಬೋಧನೆ ಮಾಡಿದವರಲ್ಲ, ದೇವಶಾಸ್ತ್ರ ಓದಿದವರಲ್ಲ. ಆ ಊರಿನ ಆಧ್ಯಾತ್ಮಿಕ ನಾಯಕ ಯಾರು ಎಂದು ಯಾರಾದರೂ ಕೇಳಿದರೆ ನಾನು ಅವರ ಕಡೆಗೇ ಕೈ ತೋರಿಸುತ್ತೇನೆ.

ಕಟ್ಟಡವನ್ನು ನಂಬುವವರಿಗೆ ಹಾಸನದ ಬಳಿಯ ಶೆಟ್ಟಿಹಳ್ಳಿಯನ್ನು ನೆನಪಿಸಬೇಕು. 19ನೇ ಶತಮಾನದಲ್ಲಿ ಫ್ರೆಂಚ್ ಗುರುಗಳು ಕಟ್ಟಿಸಿದ ಅಲ್ಲಿನ ಜಪಮಾಲೆ ಮಾತೆಯ ಚರ್ಚು ಗೊರೂರಿನ ಹೇಮಾವತಿ ಜಲಾಶಯ ತುಂಬಿದಾಗಲೆಲ್ಲ ಅರ್ಧ ಮುಳುಗುತ್ತದೆ, ಬೇಸಿಗೆಯಲ್ಲಿ ಎದ್ದು ನಿಲ್ಲುತ್ತದೆ. ಜನ ಫೋಟೋ ತೆಗೆಯಲು ಹೋಗುತ್ತಾರೆ. ಆ ಚರ್ಚಿನಲ್ಲಿ ಮೊಣಕಾಲೂರುತ್ತಿದ್ದ ಜನ ಮಾತ್ರ ಮುಳುಗಲಿಲ್ಲ. ಅವರು ಬೇರೆ ಊರು ಕಟ್ಟಿಕೊಂಡರು, ಅಲ್ಲಿ ಮತ್ತೆ ಗಂಟೆ ಬಾರಿಸಿದರು. ಕಲ್ಯಾಣದ ಶರಣರು ಸ್ಥಾವರ, ಜಂಗಮ ಎಂದು ಎರಡು ಮಾತಿನಲ್ಲಿ ಹೇಳಿದ್ದನ್ನು ನಮ್ಮ ನಾಡಿನ ಕ್ರೈಸ್ತರು ಹೀಗೆ ತಮ್ಮ ಮೈಮೇಲೇ ಕಂಡುಕೊಂಡಿದ್ದಾರೆ. ಕನ್ನಡದ ಪ್ರಾಟೆಸ್ಟೆಂಟರು ‘ಸಭೆ’ ಎಂದರೆ ಅದು ಗೋಡೆಯಲ್ಲ, ಕೂಡಿದ ಜನ. ಗ್ರೀಕಿನ ‘ಎಕ್ಲೇಸಿಯಾ’ದ ಅರ್ಥವೂ ಇದೇ. ನಮ್ಮ ಭಾಷೆ ಈ ವಿಷಯದಲ್ಲಿ ನಮಗಿಂತ ನೆಟ್ಟಗೆ ಯೋಚಿಸಿದೆ.

ಕಟ್ಟಡ ಬೇಡ, ಒಬ್ಬ ಸಮರ್ಥ ಗುರು ಬಂದರೆ ಸಾಕು ಎನ್ನುವವರೂ ಇದ್ದಾರೆ. ಈ ವಾದವನ್ನು ಹಗುರವಾಗಿ ತಳ್ಳಿಹಾಕಲು ಬರುವುದಿಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಚೆದುರಿಹೋಗಿದ್ದ ಮೈಸೂರು ಸೀಮೆಯ ಕ್ರೈಸ್ತರನ್ನು ಮತ್ತೆ ಕೂಡಿಸಿದವರು ಆಬೆ ದ್ಯುಬುವಾ. ಜನ ಅವರನ್ನು ದೊಡ್ಡಸ್ವಾಮಿ ಎಂದು ಕರೆದರು. ಅವರು ಒಕ್ಕಲುತನದ ಊರುಗಳನ್ನು ಕಟ್ಟಿದರು, ಸಿಡುಬಿಗೆ ಲಸಿಕೆ ಹಾಕಿಸಿದರು, ಊಟ ಉಡುಪಿನಲ್ಲಿ ಇಲ್ಲಿಯವರಂತೆಯೇ ಬದುಕಿದರು. 1823ರಲ್ಲಿ ಅವರು ಫ್ರಾನ್ಸಿಗೆ ಮರಳಿದಾಗ ಈ ನೆಲದಲ್ಲಿ ಕ್ರೈಸ್ತಧರ್ಮಕ್ಕೆ ಭವಿಷ್ಯವಿಲ್ಲ ಎಂಬ ನಿರಾಶೆಯನ್ನೇ ಹೊತ್ತು ಹೋದರು, ಅದನ್ನು ಅಚ್ಚು ಹಾಕಿಸಿದರು ಕೂಡ. ನಾಯಕ ಸೋತೆ ಎಂದು ಬರೆದಿಟ್ಟು ಹೋದ ಮೇಲೂ ಹಾಸನದ ಸುತ್ತಲಿನ ಸಭೆಗಳು ಉಳಿದವು. ಇದನ್ನು ಹೇಗೆ ಅರ್ಥಮಾಡಿಕೊಳ್ಳುವುದು? ನನಗೆ ತೋರುವುದಿಷ್ಟು: ಅವರ ಮಾತಿನ ಬಲ ಅವರೊಂದಿಗೆ ಹೋಯಿತು, ಉಳುವ ಭೂಮಿ ಕೊಟ್ಟು ಜನರನ್ನು ತಮ್ಮ ಕಾಲಮೇಲೆ ನಿಲ್ಲಿಸಿದ್ದು ಉಳಿಯಿತು. ಜನರಿಗೆ ಬಿಟ್ಟುಕೊಟ್ಟದ್ದೇ ಉಳಿಯಿತು.

ಇನ್ನೊಬ್ಬರ ಬಗ್ಗೆ ನಾನು ಸ್ವಲ್ಪ ನಿಂತು ಹೇಳಬೇಕು. ಉತ್ತಂಗಿ ಚನ್ನಪ್ಪ 1881ರಲ್ಲಿ ಧಾರವಾಡದಲ್ಲಿ ಹುಟ್ಟಿದವರು, ಬಾಸೆಲ್ ಮಿಶನ್ನಿನ ಸಭಾಪಾಲಕರು. ಸುಮಾರು ಎರಡು ಸಾವಿರ ತ್ರಿಪದಿಗಳನ್ನು ಕಲೆಹಾಕಿ 1924ರಲ್ಲಿ ‘ಸರ್ವಜ್ಞನ ವಚನಗಳು’ ಸಂಪಾದಿಸಿ ಕೊಟ್ಟವರು. ಅನುಭವ ಮಂಟಪದ ಚರಿತ್ರೆಗಾಗಿ ತಲೆ ಕೆಡಿಸಿಕೊಂಡವರು. 1949ರಲ್ಲಿ ಕಲಬುರ್ಗಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದವರು. ಒಬ್ಬ ಪಾದ್ರಿಗೆ ಸರ್ವಜ್ಞನ ಉಸಾಬರಿ ಏಕೆ ಎಂದು ಕೇಳಿದವರು ಆಗಲೂ ಇದ್ದಿರಬೇಕು, ಈಗಲೂ ಇರುತ್ತಾರೆ. ನಾನು ಆ ಕೆಲಸವನ್ನು ಸಭಾಪಾಲನೆಯ ಕೆಲಸ ಎಂದೇ ಓದುತ್ತೇನೆ. ಜನರಿಗೆ ದೇವರ ಮಾತು ಹೇಳಹೊರಟವನು ಆ ಜನ ತಲೆತಲಾಂತರದಿಂದ ಯಾವ ಮಾತಿನಲ್ಲಿ ನಗುತ್ತಾರೆ, ಯಾವ ಮಾತಿನಲ್ಲಿ ದುಃಖ ತೋಡಿಕೊಳ್ಳುತ್ತಾರೆ, ಬಡತನವನ್ನೂ ಜಾತಿಯ ಸೊಕ್ಕನ್ನೂ ಯಾವ ಮಾತಿನಲ್ಲಿ ಬೈಯುತ್ತಾರೆ ಎಂಬುದನ್ನು ಮೊದಲು ಕೇಳಿಸಿಕೊಳ್ಳಬೇಡವೇ? ಚನ್ನಪ್ಪನವರು ‘ಬನಾರಸಕ್ಕೆ ಬೆತ್ಲೆಹೇಮದ ವಿನಂತಿ’ ಎಂದು ಪುಸ್ತಕ ಬರೆದರು. ಅದರ ಹೆಸರಿನಲ್ಲಿರುವುದು ವಿನಂತಿ, ಅಪ್ಪಣೆಯಲ್ಲ. ಆ ಒಂದು ಪದದಲ್ಲಿ ನನಗೆ ಪೂರ್ತಿ ಒಂದು ನಾಯಕತ್ವದ ರೀತಿಯೇ ಕಾಣುತ್ತದೆ.

ಕೆಥೋಲಿಕರಾದ ನಮಗೆ ಈ ಪಾಠ ತಡವಾಗಿ ಬಂತು. ಎರಡನೇ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರಿನಲ್ಲಿ ಜನಭಾಷೆಗಳಿಗೆ ಬಾಗಿಲು ತೆರೆಯುವ ತನಕ ಬಲಿಪೂಜೆ ಲ್ಯಾಟಿನ್ನಿನಲ್ಲಿತ್ತು. ಗುರುಗಳು ಪೀಠದ ಕಡೆ ಮುಖಮಾಡಿ ಏನೋ ಹೇಳುತ್ತಿದ್ದರು, ಜನ ಹಿಂದೆ ತಮ್ಮ ಪಾಡಿಗೆ ಜಪಸರ ಎಣಿಸುತ್ತಿದ್ದರು. ಭಕ್ತಿ ಇರಲಿಲ್ಲ ಎನ್ನಲಾರೆ, ನಮ್ಮ ಅಜ್ಜಿಯ ಭಕ್ತಿ ನನ್ನದಕ್ಕಿಂತ ಹತ್ತುಪಾಲು ದೊಡ್ಡದು. ಆದರೆ ಕನ್ನಡದಲ್ಲಿ ಬಲಿಪೂಜೆ ಬಂದಾಗ ಆಕೆಗೆ ಮೊದಲ ಸಲ ಉತ್ತರ ಕೊಡುವ ಸರದಿ ಸಿಕ್ಕಿತು. ಡ್ಯಾಮಿಗೆ ಹೊಸ ನೀರೇನೂ ಬರಲಿಲ್ಲ, ಒಂದು ತೂಬಿನ ಹೂಳು ತೆಗೆದರು. ಅರವತ್ತು ವರ್ಷದ ಮೇಲೆ ಈಗ ಅದೇ ತೂಬಿನಲ್ಲಿ ಬೇರೆ ಹೂಳು ಕೂತಿದೆ. ಭಾಷೆ ಕನ್ನಡವೇ, ಆದರೆ ಗದ್ದೆಯಲ್ಲಿ ಕಳೆ ಕೀಳುವ ಹೆಂಗಸಿನ ವಾರದ ಬದುಕು ಪ್ರಬೋಧನೆಯಲ್ಲಿ ಎಲ್ಲೂ ಸುಳಿಯುವುದಿಲ್ಲ. ಕನ್ನಡದಲ್ಲಿ ಹೇಳಿದರೂ ಅದು ಅವಳಿಗೆ ಲ್ಯಾಟಿನ್ನೇ.

ಇಷ್ಟಾಗಿ ಒಂದು ಗಟ್ಟಿ ಆಕ್ಷೇಪಣೆ ಇದೆ. ಜನರ ಕೈಗೆ ಕೊಡಿ, ಕೊಡಿ ಎನ್ನುತ್ತೀರಿ. ಕೊಟ್ಟ ಕಡೆ ಏನಾಗಿದೆ ನೋಡಿ ಎಂದು ಅನುಭವಿಗಳು ಹೇಳುತ್ತಾರೆ. ಪಾಲನಾ ಸಮಿತಿಗೆ ಚುನಾವಣೆ, ಚುನಾವಣೆಗೆ ಬಣ, ಬಣಕ್ಕೆ ಜಾತಿ, ಆಸ್ತಿಯ ಜಗಳ, ಕೋರ್ಟು. ಸುಳ್ಳಲ್ಲ. ದೀಕ್ಷಾಸ್ನಾನದ ನೀರಿನಲ್ಲಿ ಜಾತಿ ಕರಗಲಿಲ್ಲ ಎಂಬುದು ನಮ್ಮ ಸಭೆಗಳ ಹಳೆಯ ಗಾಯ. ಮೇಲಿನ ಗದ್ದೆಯವನ ಕೈಗೆ ಗೇಟಿನ ಕೀಲಿ ಕೊಟ್ಟರೆ ಆತ ಪೂರ್ತಿ ತಿರುಗಿಸಿಕೊಳ್ಳುತ್ತಾನೆ ಎಂಬುದು ಕೊನೇ ಭಾಗದವನಾದ ನನಗೆ ಯಾರೂ ಹೇಳಿಕೊಡಬೇಕಿಲ್ಲ.

ಇದಕ್ಕೆ ಉತ್ತರವನ್ನು ನಾನು ಪ್ರೇಷಿತರ ಕಾರ್ಯಕಲಾಪಗಳ ಆರನೇ ಅಧ್ಯಾಯದಲ್ಲಿ ಕಂಡಿದ್ದೇನೆ. ಜೆರುಸಲೇಮಿನ ಮೊದಲ ಸಭೆಯಲ್ಲೇ ಜಗಳ ಹುಟ್ಟಿತ್ತು. ದಿನದಿನದ ಅನ್ನ ಹಂಚಿಕೆಯಲ್ಲಿ ಗ್ರೀಕ್ ಮಾತಾಡುವವರ ವಿಧವೆಯರನ್ನು ಕಡೆಗಣಿಸುತ್ತಿದ್ದಾರೆ ಎಂಬ ಗೊಣಗಾಟ ಎದ್ದಿತು. ಕೊನೇ ಭಾಗಕ್ಕೆ ನೀರು ಬಂದಿಲ್ಲ ಎಂಬ ದೂರು ಅದು, ಬೇರೇನಲ್ಲ. ಹನ್ನೆರಡು ಪ್ರೇಷಿತರು ದೂರಿದವರನ್ನು ಗದರಲಿಲ್ಲ, ಇನ್ನಷ್ಟು ಪ್ರಾರ್ಥನೆ ಮಾಡಿ ಎಂದು ಕಳಿಸಲಿಲ್ಲ. ಏಳು ಜನರನ್ನು ನೀವೇ ಆರಿಸಿ ಎಂದರು, ಆರಿಸಿದವರ ಮೇಲೆ ಕೈಯಿಟ್ಟು ಪ್ರಾರ್ಥಿಸಿ ಕೆಲಸ ಒಪ್ಪಿಸಿದರು. ಆ ಏಳು ಹೆಸರುಗಳನ್ನು ಗಮನಿಸಿ: ಸ್ತೆಫನ, ಫಿಲಿಪ್ಪ, ಪ್ರೊಖೊರ, ನಿಕಾನೊರ, ತಿಮೋನ, ಪರ್ಮೇನ, ನಿಕೊಲಾಯ. ಎಲ್ಲವೂ ಗ್ರೀಕ್ ಹೆಸರುಗಳೇ. ಹಂಚುವ ಅಧಿಕಾರ ಹೋದದ್ದು ದೂರು ಕೊಟ್ಟವರ ಕಡೆಗೇ. ಇದರ ನಂತರ ದೇವರ ವಾಕ್ಯ ಹಬ್ಬಿತು, ಶಿಷ್ಯರ ಸಂಖ್ಯೆ ಬೆಳೆಯಿತು ಎಂದು ಗ್ರಂಥಕರ್ತ ಅದೇ ಉಸಿರಿನಲ್ಲಿ ಬರೆಯುತ್ತಾನೆ.

ಹಂಚುವ ಅಧಿಕಾರ ಯಾರಿಗೆ ಎಂಬುದೇ ಇಲ್ಲಿನ ತಿರುಳು. ಸಮಿತಿಗಳು ಕೆಡುವುದು ಮೇಲಿನ ಗದ್ದೆಯವರೇ ಅಲ್ಲೂ ಕೂರುವುದರಿಂದ. ಅದನ್ನು ತಡೆಯುವುದು ಗುರುವಿನ ಕೆಲಸ, ಇಲ್ಲಿಯೇ ಆತನ ಬೆನ್ನೆಲುಬಿನ ಪರೀಕ್ಷೆ. ಎಲ್ಲರಿಗೂ ಹಿತವಾಗಿ ನಡೆದುಕೊಂಡು ವರ್ಗಾವಣೆ ಪತ್ರಕ್ಕೆ ಕಾಯುವುದಕ್ಕೆ ಆಧ್ಯಾತ್ಮಿಕತೆ ಬೇಡ, ಜಾಣತನ ಸಾಕು. ದೊಡ್ಡ ಕಾಣಿಕೆ ಕೊಡುವವನನ್ನು ಎದುರುಹಾಕಿಕೊಂಡು ಕೂಲಿಯವಳನ್ನು ಸಮಿತಿಯ ಕುರ್ಚಿಯಲ್ಲಿ ಕೂರಿಸುವುದಕ್ಕೆ ಮಾತ್ರ ಪ್ರಾರ್ಥನೆಯ ಬಲ ಬೇಕು, ದಿನವೂ ಬೇಕು. ಪವಿತ್ರ ಗುರುವಾರ ಗುರುಗಳು ಹನ್ನೆರಡು ಜನರ ಪಾದ ತೊಳೆಯುವ ವಿಧಿಯಲ್ಲಿ ಹೆಂಗಸರ ಪಾದಗಳಿಗೂ 2016ರಲ್ಲಿ ಪೋಪ್ ಫ್ರಾನ್ಸಿಸ್ ಅಧಿಕೃತವಾಗಿ ಅನುಮತಿ ಕೊಟ್ಟರು. ಆ ರಾತ್ರಿ ಬೋಗುಣಿಯ ಮುಂದೆ ಚಪ್ಪಲಿ ಬಿಟ್ಟು ಕೂರುವ ಹನ್ನೆರಡರಲ್ಲಿ ಯಾರಿದ್ದಾರೆ ಎಂಬುದನ್ನು ನೋಡಿಯೇ ಒಂದು ಧರ್ಮಕೇಂದ್ರದ ಆರೋಗ್ಯ ಹೇಳಬಹುದು ಎಂದು ನನ್ನ ನಂಬಿಕೆ.

ಇತ್ತೀಚೆಗೆ ಮನೆಮಾಳಿಗೆಯ ಪ್ರಾರ್ಥನಾ ಕೂಟಗಳಿಗೆ ನಮ್ಮವರು ಹೋಗುತ್ತಾರೆ ಎಂದು ಗುರುಗಳು ನೊಂದುಕೊಳ್ಳುವುದುಂಟು. ಹೋದ ಕೆಲವರನ್ನು ನಾನು ಕೇಳಿದ್ದೇನೆ. ಬೋಧನೆಯ ವ್ಯತ್ಯಾಸ ಯಾರೂ ಹೇಳಲಿಲ್ಲ. “ಆಸ್ಪತ್ರೆಗೆ ಬಂದು ಕೂತ್ಕಂಡ್ರು” ಅಂದರು.

ಗುರುಗಳಲ್ಲಿ, ಸಭಾಪಾಲಕರಲ್ಲಿ, ಸಭಾಹಿರಿಯರಲ್ಲಿ ನನ್ನದೊಂದು ವಿನಂತಿ. ಬರುವ ಭಾನುವಾರ ಆಶೀರ್ವಾದ ಮುಗಿದ ಕೂಡಲೇ ಒಳಗೆ ಹೋಗಬೇಡಿ, ಹಿಂಬಾಗಿಲಿನ ಹತ್ತಿರ ನಿಂತುಕೊಳ್ಳಿ. ಕೊನೆಯ ಬೆಂಚಿನಿಂದ ಮೊದಲು ಎದ್ದು ಹೋಗುವವರ ಹೆಸರು ಕೇಳಿ, ಬರೆದಿಟ್ಟುಕೊಳ್ಳಿ. ಹೋದ ವರ್ಷ ಅಲ್ಲಿ ಕೂರುತ್ತಿದ್ದು ಈಗ ಕಾಣದವರ ಹೆಸರನ್ನು ಅವರನ್ನೇ ಕೇಳಿ. ಸೋಮವಾರ ಆ ಮನೆಗಳಿಗೆ ಹೋಗಿ.