ಚೌಕಟ್ಟಿನ ಹೊರಗೆ ಬಿಟ್ಟದ್ದು

ಕ್ಯಾಮೆರಾ ಕೈಗೆತ್ತಿಕೊಂಡವರಿಗೆ ಹೇಳಿಕೊಡುವ ಮೊದಲ ಪಾಠಗಳಲ್ಲಿ ಒಂದು, ಬಿಡುವುದನ್ನು ಕಲಿ ಎಂಬುದು. ಕಣ್ಣಿಗೆ ಕಂಡದ್ದೆಲ್ಲ ಚೌಕಟ್ಟಿನೊಳಗೆ ಬಂದರೆ ಅದು ಚಿತ್ರವಾಗುವುದಿಲ್ಲ, ಸಂತೆಯಾಗುತ್ತದೆ. ಲೈಟು ಕಂಬವನ್ನು ಬಿಡು, ನಿಂತ ಕಾರನ್ನು ಬಿಡು, ಅಡ್ಡ ಬಂದವರು ದಾಟಿಹೋಗುವವರೆಗೆ ಕಾಯಿ. ಕಡಲಿನ ಚಿತ್ರ ತೆಗೆಯುವವರಿಗಂತೂ ಇದೇ ಮುಕ್ಕಾಲು ವಿದ್ಯೆ. ಒಂದು ಬಂಡೆ, ಗೆರೆಯಷ್ಟು ದಿಗಂತ, ನಡುವೆ ನೀರು. ಮಿಕ್ಕದ್ದೆಲ್ಲ ಹೊರಗೆ. ಹೀಗೆ ಬಿಟ್ಟದ್ದಕ್ಕೆ ನಾವು ಯಾರಿಗಾದರೂ ಲೆಕ್ಕ ಕೊಡಬೇಕೆ? ಬಿಡುವುದು ಬರಿಯ ಕುಶಲತೆಯೋ, ಇಲ್ಲ ಅದರಲ್ಲಿ ನ್ಯಾಯ ಅನ್ಯಾಯದ ಮಾತೂ ಇದೆಯೋ?

ಈ ಪ್ರಶ್ನೆಯನ್ನು ಒಂದು ಜಾಗವನ್ನು ಮುಂದಿಟ್ಟುಕೊಂಡು ಕೇಳುವುದು ಒಳ್ಳೆಯದು. ಸ್ಕಾಟ್ಲೆಂಡಿನ ವಾಯವ್ಯಕ್ಕೆ, ಅಟ್ಲಾಂಟಿಕ್ ಸಾಗರಕ್ಕೆ ಎದೆಯೊಡ್ಡಿ ನಿಂತ ದ್ವೀಪಗಳ ಸಾಲೊಂದಿದೆ. ಹೆಸರು ಔಟರ್ ಹೆಬ್ರಿಡೀಸ್. ಅದರಲ್ಲಿ ಹ್ಯಾರಿಸ್ ಎಂಬ ಸೀಮೆಯ ಪಶ್ಚಿಮ ತೀರದಲ್ಲಿ ಲಸ್ಕೆಂಟಾಯರ್ ಎಂಬ ಮರಳದಂಡೆ. ಚಿಪ್ಪುಗಳು ಪುಡಿಯಾಗಿ ಆದ ಬಿಳಿ ಮರಳು, ಎದುರಿಗೆ ಟಾರಾನ್ಸೆ ದ್ವೀಪ, ಹಿಂದೆ ಬೋಳು ಬೆಟ್ಟಗಳು. ಚಳಿಗಾಲದಲ್ಲಿ ಕಡಲಚಿತ್ರ ಕಲಿಯಲೆಂದೇ ಇಲ್ಲಿಗೆ ದೂರದೂರದಿಂದ ಜನ ಬರುತ್ತಾರೆ.

ಚಳಿಗಾಲವೇ ಯಾಕೆ? ನಮ್ಮ ಕರಾವಳಿಯಲ್ಲಿ ಕಡಲು ಕೆರಳುವುದು ಮಳೆಗಾಲದಲ್ಲಾದರೆ, ಅಲ್ಲಿ ಅದು ಕೆರಳುವುದು ಚಳಿಗಾಲದಲ್ಲಿ. ಜೊತೆಗೆ ಬೆಳಕು. ಹ್ಯಾರಿಸ್ ಇರುವುದು ಸುಮಾರು 58 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರ್ ಕೊನೆಯಲ್ಲಿ ಹಗಲು ಆರೂವರೆ ಗಂಟೆಯಷ್ಟೇ. ನಡುಮಧ್ಯಾಹ್ನದಲ್ಲೂ ಸೂರ್ಯ ದಿಗಂತದಿಂದ ಒಂಬತ್ತು ಡಿಗ್ರಿ ಮೇಲೇರುವುದಿಲ್ಲ. ನಮ್ಮಲ್ಲಿ ಹೊತ್ತು ಹುಟ್ಟಿದ ಮುಕ್ಕಾಲು ಗಂಟೆಯೊಳಗೆ ಮುಗಿದುಹೋಗುವ ಓರೆಬೆಳಕು ಅಲ್ಲಿ ಮೋಡ ಬಿಟ್ಟುಕೊಟ್ಟರೆ ದಿನವಿಡೀ ಇರುತ್ತದೆ.

ಕಲಿಕೆ ಮೊದಲಾಗುವುದು ಕ್ಯಾಮೆರಾದಿಂದಲ್ಲ, ನಿಲ್ಲುವುದರಿಂದ. ಉಬ್ಬರವಿಳಿತದ ವೇಳಾಪಟ್ಟಿ ನೋಡಬೇಕು. ಚೀಲ ಬಿಚ್ಚುವ ಮುನ್ನ ಹತ್ತಿಪ್ಪತ್ತು ನಿಮಿಷ ಸುಮ್ಮನೆ ಅಲೆಗಳನ್ನು ನೋಡಬೇಕು, ದೊಡ್ಡ ಅಲೆ ಎಲ್ಲಿಯವರೆಗೆ ಬರುತ್ತದೆ ಎಂದು ತಿಳಿಯಬೇಕು. ಕಡಲಿಗೆ ಬೆನ್ನು ಹಾಕಬಾರದು. ಟ್ರೈಪಾಡಿನ ಕಾಲು ಮರಳಿನಲ್ಲಿ ಹೂತುಹೋಗುತ್ತದೆ, ಒತ್ತಿ ನಿಲ್ಲಿಸಬೇಕು. ಲೆನ್ಸಿನ ಮೇಲೆ ಕೂರುವ ಉಪ್ಪುನೀರಿನ ಹನಿಗಳನ್ನು ಪ್ರತಿ ಸಲ ಒರೆಸಬೇಕು. ಆಮೇಲೆ ಷಟರ್. ಅರ್ಧ ಸೆಕೆಂಡು ತೆರೆದಿಟ್ಟರೆ ಹಿಂದೆ ಸರಿಯುವ ನೀರು ಮರಳಿನ ಮೇಲೆ ಬಿಳಿ ಗೆರೆಗಳನ್ನು ಎಳೆಯುತ್ತದೆ. ಬೆಳಕನ್ನು ಸಾವಿರದಲ್ಲೊಂದು ಪಾಲಿಗೆ ಇಳಿಸುವ ಕಪ್ಪು ಎನ್‌ಡಿ ಫಿಲ್ಟರ್ ಹಾಕಿ ಮೂವತ್ತು ಸೆಕೆಂಡು ತೆರೆದಿಟ್ಟರೆ ಅಲೆಯೇ ಮಾಯ. ಅಬ್ಬರದ ಕಡಲು ಮಂಜಿನ ಹಾಸಾಗುತ್ತದೆ.

ಆ ಮಂಜಿನ ಕಡಲನ್ನು ಯಾವ ಕಣ್ಣೂ ನೋಡಿಲ್ಲ. ಹಾಗಾದರೆ ಅದು ಸುಳ್ಳೇ? ಜಗಳ ಹಳೆಯದು. 1850ರ ದಶಕದಲ್ಲಿ ಫ್ರಾನ್ಸಿನ ಗುಸ್ತಾವ್ ಲ ಗ್ರೇ ಕಡಲಚಿತ್ರಗಳಿಗೆ ಹೆಸರಾದ. ಆ ಕಾಲದ ರಾಸಾಯನಿಕ ನೀಲಿ ಬೆಳಕಿಗೆ ಅತಿಯಾಗಿ ಸ್ಪಂದಿಸುತ್ತಿದ್ದುದರಿಂದ ನೀರು ಸರಿಯಾಗಿ ಮೂಡಿದರೆ ಆಕಾಶ ಬಿಳಿಚಿಕೊಳ್ಳುತ್ತಿತ್ತು. ಅದಕ್ಕೆ ಅವನು ಕಡಲಿಗೊಂದು, ಆಕಾಶಕ್ಕೊಂದು ನೆಗೆಟಿವ್ ಬಳಸಿ ಕೆಲವು ಚಿತ್ರಗಳಲ್ಲಿ ಎರಡನ್ನೂ ಕೂಡಿಸಿದ. ಕಟ್ಟಿದ ಚಿತ್ರ, ನಿಜ. ಆದರೆ ಅದರಿಂದ ಮೋಸಹೋದವರು ಯಾರು? ಮೋಡಕ್ಕೆ ನಷ್ಟವಿಲ್ಲ, ಕಡಲಿಗೂ ಇಲ್ಲ. ಮೂವತ್ತು ಸೆಕೆಂಡಿನ ಕಡಲೂ ಹಾಗೆಯೇ. ಕಣ್ಣು ಒಟ್ಟುಗೂಡಿಸಲಾರದ ಕಾಲವನ್ನು ಯಂತ್ರ ಒಟ್ಟುಗೂಡಿಸಿತು, ಅಷ್ಟೆ. ಇಲ್ಲಿಯವರೆಗೆ ನನಗೆ ತಕರಾರಿಲ್ಲ.

ತಕರಾರು ಶುರುವಾಗುವುದು ಇನ್ನೊಂದು ಚಿತ್ರದಿಂದ. 1838ರಲ್ಲಿ ಲೂಯಿ ಡಗೇರ್ ಪ್ಯಾರಿಸ್ಸಿನ ಬುಲ್‌ವಾರ್ ದ್ಯು ತಾಂಪ್ಲ್ ಎಂಬ ಬೀದಿಯ ಚಿತ್ರ ತೆಗೆದ. ಗಾಡಿ, ಕುದುರೆ, ಜನ ತುಂಬಿ ಓಡಾಡುತ್ತಿದ್ದ ಬೀದಿ. ಚಿತ್ರದಲ್ಲಿ ಅದು ಬಿಕೋ ಎನ್ನುತ್ತದೆ. ಚಿತ್ರ ಮೂಡಲು ಹಲವು ನಿಮಿಷ ಬೇಕಿದ್ದ ಕಾಲ ಅದು, ಚಲಿಸುವವರು ಅಳಿಸಿಹೋದರು. ಉಳಿದದ್ದು ಬೂಟು ಪಾಲಿಶ್ ಮಾಡಿಸಿಕೊಳ್ಳಲು ನಿಂತಿದ್ದ ಒಬ್ಬನ ಆಕೃತಿ, ಅವನ ಕಾಲ ಬಳಿ ಪಾಲಿಶ್ ಮಾಡುವವನ ಮಸುಕು. ನಿಂತವರು ಉಳಿದರು, ನಡೆದವರು ಇಲ್ಲವಾದರು. ಡಗೇರ್ ಯಾರನ್ನೂ ಹೊರಗಿಡಬೇಕೆಂದು ಹೊರಟವನಲ್ಲ. ಆದರೂ ಆ ಚಿತ್ರವೊಂದನ್ನೇ ನಂಬಿದರೆ, ಅಂದು ಆ ಬೀದಿಯಲ್ಲಿ ಜನವೇ ಇರಲಿಲ್ಲ ಎನ್ನಬೇಕಾಗುತ್ತದೆ.

ಈಗ ಲಸ್ಕೆಂಟಾಯರಿಗೆ ಮರಳಿ ಬರೋಣ. ಆ ದಂಡೆಯ ಚಿತ್ರಗಳ ಕೆಳಗೆ ಸಾಮಾನ್ಯವಾಗಿ ಸಿಗುವ ಮಾತುಗಳು ‘ನಿರ್ಜನ’, ‘ಯಾರೂ ಮುಟ್ಟದ ನೆಲ’. ಆದರೆ ಹ್ಯಾರಿಸ್‌ನ ಪಶ್ಚಿಮ ತೀರ ಎಂದೂ ಯಾರೂ ಮುಟ್ಟದ ನೆಲವಾಗಿರಲಿಲ್ಲ. ಚಿಪ್ಪಿನ ಮರಳು ಬೆರೆತ ಆ ಹುಲ್ಲುಗಾವಲು ದ್ವೀಪದ ಒಳ್ಳೆಯ ಉಳುವ ಭೂಮಿ. ಅಲ್ಲಿ ಗೇಲಿಕ್ ಮಾತಾಡುವ ರೈತರ ಊರುಗಳಿದ್ದವು. 19ನೇ ಶತಮಾನದ ಮೊದಲರ್ಧದಲ್ಲಿ ಕುರಿ ಸಾಕಣೆಯ ಲಾಭಕ್ಕಾಗಿ ಆ ಊರುಗಳನ್ನು ಒಂದೊಂದಾಗಿ ತೆರವು ಮಾಡಿಸಲಾಯಿತು. ಕೆಲವರು ಕಡಲು ದಾಟಿ ಕೆನಡಾಕ್ಕೆ ಹೋದರು. ಉಳಿದವರಲ್ಲಿ ಬಹಳಷ್ಟು ಜನರ ಪಾಲಿಗೆ ಬಂದದ್ದು ಬಂಡೆಗಳೇ ತುಂಬಿದ ಪೂರ್ವ ತೀರ. ಅಲ್ಲಿ ಬಂಡೆಯ ನಡುವೆ ಹಿಡಿ ಹಿಡಿ ಮಣ್ಣು ಒಟ್ಟುಮಾಡಿ, ಕಡಲಪಾಚಿ ಹೊತ್ತು ತಂದು ಹಾಕಿ, ಏರುಮಡಿಗಳನ್ನು ಕಟ್ಟಿ ಆಲೂಗಡ್ಡೆ ಬೆಳೆದರು. ಸತ್ತವರನ್ನು ಹೂಳಲು ಬೇಕಾದಷ್ಟು ಆಳದ ಮಣ್ಣು ಅಲ್ಲಿರಲಿಲ್ಲ. ಹಾಗಾಗಿ ಹೆಣಗಳನ್ನು ಹೊತ್ತು ಗುಡ್ಡ ದಾಟಿ ಪಶ್ಚಿಮದ ಮರಳುನೆಲಕ್ಕೇ ತರುತ್ತಿದ್ದರು. ಆ ದಾರಿಗೆ ಇಂದಿಗೂ ‘ಕಾಫಿನ್ ರೋಡ್’, ಶವಪೆಟ್ಟಿಗೆಯ ಹಾದಿ, ಎಂದೇ ಹೆಸರು. ಬದುಕಲು ಬಿಡದ ನೆಲಕ್ಕೆ ಸತ್ತ ಮೇಲೆ ಮರಳುವುದು.

ಅಂದರೆ ಕ್ಯಾಮೆರಾ ಹಿಡಿದವರು ಹುಡುಕಿಕೊಂಡು ಬರುವ ಆ ನಿರ್ಜನತೆ ಕೇವಲ ಪ್ರಕೃತಿಯ ಕೊಡುಗೆಯಲ್ಲ. ಅದರಲ್ಲಿ ಬಹುಪಾಲು ಮನುಷ್ಯರು ಮನುಷ್ಯರನ್ನು ಎಬ್ಬಿಸಿ ಕಳಿಸಿ ಉಂಟುಮಾಡಿದ್ದು.

ಇದಕ್ಕೊಂದು ಎದುರುಮಾತು ಇದೆ, ಅದು ಸಣ್ಣದಲ್ಲ. ಪ್ರತಿ ಚಿತ್ರವೂ ಚರಿತ್ರೆಯ ಮೂಟೆ ಹೊರಬೇಕೆ? ಒಂದು ಅಲೆಯನ್ನು ಅಲೆಯಾಗಿ ನೋಡಿ ಸಂತೋಷಪಡುವ ಹಕ್ಕು ನಮಗಿಲ್ಲವೆ? ನೋವಿಲ್ಲದ ನೆಲ ಎಲ್ಲಿದೆ? ಎಲ್ಲ ಕಡೆಯೂ ತಲೆ ತಗ್ಗಿಸಿ ನಿಂತರೆ ಯಾರೂ ಏನನ್ನೂ ಚೆಂದ ಎನ್ನುವಂತಿಲ್ಲ. ಈ ಮಾತನ್ನು ನಾನು ಒಪ್ಪುತ್ತೇನೆ. ಅಲೆಯ ಚಿತ್ರದಲ್ಲಿ ಅಲೆಯಷ್ಟೇ ಇದ್ದರೆ ತಪ್ಪಿಲ್ಲ. ಒಂದು ಚೌಕಟ್ಟು ಎಲ್ಲವನ್ನೂ ಹೇಳಲಾರದು, ಹೇಳಬೇಕಾಗಿಯೂ ಇಲ್ಲ. ಆದರೆ ‘ಚಿತ್ರದಲ್ಲಿ ಜನರಿಲ್ಲ’ ಎನ್ನುವುದು ಬೇರೆ, ‘ಈ ನೆಲಕ್ಕೆ ಜನರೇ ಇರಲಿಲ್ಲ’ ಎನ್ನುವುದು ಬೇರೆ. ಮೊದಲನೆಯದು ಆಯ್ಕೆ. ಎರಡನೆಯದು, ಎಬ್ಬಿಸಲ್ಪಟ್ಟವರನ್ನು ಮತ್ತೊಮ್ಮೆ ಎಬ್ಬಿಸಿದ ಹಾಗೆ. ಬಿಡುವುದು ತಪ್ಪಲ್ಲ, ಬಿಟ್ಟಿದ್ದೇನೆ ಎಂಬುದನ್ನು ಮರೆತು, ಉಳಿದದ್ದೇ ಇಡಿಯ ಸತ್ಯ ಎಂದು ಹೊರಡುವುದು ತಪ್ಪು.

ನಮ್ಮ ಭಾಷೆಯಲ್ಲೇ ಈ ಎಚ್ಚರವಿದೆ. ಫೋಟೋ ‘ತೆಗೆಯುತ್ತೇವೆ’ ಎನ್ನುತ್ತೇವೆ. ಬಾವಿಯಿಂದ ನೀರು ತೆಗೆದಂತೆ, ಕಾಲಿನಿಂದ ಮುಳ್ಳು ತೆಗೆದಂತೆ. ಎಲ್ಲಿಂದಲೋ ಬೇರ್ಪಡಿಸಿ ಈಚೆಗೆ ತರುವುದು. ಕೊಂಚ ಅಲಂಕಾರಕ್ಕೆ ಹೊರಟಾಗ ‘ಸೆರೆಹಿಡಿದ’ ಎನ್ನುತ್ತೇವೆ. ಸೆರೆಹಿಡಿದವನಿಗೆ ಎಲ್ಲಿಂದ ಹಿಡಿದು ತಂದೆ ಎಂಬ ಪ್ರಶ್ನೆ ತಪ್ಪಿದ್ದಲ್ಲ.

ಎರಡನ್ನೂ ತೂಗಿಸಿದವರೂ ಇದ್ದಾರೆ. ಅಮೆರಿಕದ ಪಾಲ್ ಸ್ಟ್ರಾಂಡ್ 1954ರಲ್ಲಿ ಇದೇ ದ್ವೀಪಸಾಲಿನ ಸೌತ್ ಯೂಯಿಸ್ಟ್‌ಗೆ ಬಂದು ಚಿತ್ರ ತೆಗೆದರು. 1962ರಲ್ಲಿ ಅದು ಬೇಸಿಲ್ ಡೇವಿಡ್‌ಸನ್ನರ ಬರಹದೊಂದಿಗೆ ಪುಸ್ತಕವಾಯಿತು. ಅದರಲ್ಲಿ ಬಂಡೆ, ಕಡಲು, ಆಕಾಶಗಳಿವೆ. ಅವುಗಳ ಪಕ್ಕದಲ್ಲೇ ಅಲ್ಲಿ ದುಡಿದು ಬಾಳಿದವರ ಮುಖಗಳಿವೆ. ಒಂದು ಚೌಕಟ್ಟು ಬಿಟ್ಟದ್ದನ್ನು ಪಕ್ಕದ ಪುಟ ಎತ್ತಿಕೊಳ್ಳುತ್ತದೆ.

ಹ್ಯಾರಿಸ್‌ನ ಚಳಿಗಾಲದ ಬೆಳಕು ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಬೇಸಿಗೆಯಲ್ಲಿ ಸೂರ್ಯ ಎತ್ತರದಲ್ಲಿದ್ದಾಗ ಗುಡ್ಡದ ಇಳಿಜಾರು ಒಂದೇ ಹಸಿರಾಗಿ ಕಾಣುತ್ತದೆ. ಡಿಸೆಂಬರಿನ ಓರೆಬೆಳಕು ಬಿದ್ದಾಗ ನೆಲದ ಸಣ್ಣ ಏರಿಳಿತಕ್ಕೂ ನೆರಳು ಹುಟ್ಟುತ್ತದೆ. ಆಗ ಹಳೆಯ ಏರುಮಡಿಗಳು, ಕೈಯಿಂದ ಕಟ್ಟಿದ ಆ ಸಾಲುಗಳು, ಬಾಚಣಿಗೆ ಎಳೆದಂತೆ ಎದ್ದು ಕಾಣುತ್ತವೆ. ಇಂಗ್ಲಿಷಿನಲ್ಲಿ ಅವಕ್ಕೆ ಬಿದ್ದ ಹೆಸರು ‘ಲೇಜಿ ಬೆಡ್’, ಸೋಮಾರಿ ಮಡಿ. ಬೆನ್ನು ಮುರಿಯುವ ದುಡಿಮೆಗೆ ಎಂಥ ಹೆಸರು!

ಕಡಲಚಿತ್ರ ಕಲಿಯುವವರು ನೀರಿನಂಚಿನಲ್ಲಿರುವಾಗ ಬೆನ್ನು ತಿರುಗಿಸಬಾರದು, ಅದು ಜೀವದ ಪ್ರಶ್ನೆ. ಆದರೆ ದಂಡೆ ಬಿಟ್ಟು ಮೇಲೆ ಬಂದು, ಲೆನ್ಸ್ ಒರೆಸಿ, ಕಾರಿಗೆ ಟ್ರೈಪಾಡ್ ಸೇರಿಸುವ ಮುನ್ನ ಒಮ್ಮೆ ಆ ಗುಡ್ಡಗಳ ಕಡೆ ನೋಡಬಹುದು. ಅದರ ಚಿತ್ರ ತೆಗೆಯಲೇಬೇಕೆಂದಿಲ್ಲ. ಕಡಲಿನ ಚಿತ್ರಕ್ಕೆ ಹೆಸರಿಡುವಾಗ ‘ಯಾರೂ ಮುಟ್ಟದ ನೆಲ’ ಎಂದು ಬರೆಯಲು ಕೈ ತಡೆದರೆ ಸಾಕು.